ಬಾಂಬಿನ ನೆರಳಿನಲ್ಲಿ ಮಕ್ಕಳ ಮನಸ್ಸು

ಯುದ್ಧದ ಚರಿತ್ರೆಯಲ್ಲಿ ಸೇನೆಗಳ ಚಲನವಲನ, ಸೋಲುಗೆಲುವು, ಸಂಧಿಪತ್ರ ಇವುಗಳ ವಿವರ ಬೇಕಾದಷ್ಟು ಸಿಕ್ಕುತ್ತದೆ. ಅದೇ ರಾತ್ರಿಗಳಲ್ಲಿ ಮೂರು ವರ್ಷದ ಕೂಸೊಂದು ಯಾರ ಕೈ ಹಿಡಿದು ಮಲಗಿತೆಂಬುದು ಆ ಗ್ರಂಥಗಳಲ್ಲಿ ಕಾಣುವುದು ಅಪರೂಪ. ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನೇ ಮುಖ್ಯವೆಂದು ಎಣಿಸಿ ದುಡಿದ ಕೆಲವರಿದ್ದರು. ಅವರು ಕಂಡುಕೊಂಡದ್ದು ಮಕ್ಕಳಿರುವ ಯಾವ ಮನೆಗಾದರೂ ಸಲ್ಲುವ ಮಾತು. ಆದುದರಿಂದ ಆ ವೃತ್ತಾಂತವನ್ನು ನಿಮ್ಮ ಮುಂದಿಡುತ್ತಿದ್ದೇನೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತು. ಅದೇ ದಿನ ಲಂಡನ್ ಮೊದಲಾದ ದೊಡ್ಡ ನಗರಗಳಿಂದ ಮಕ್ಕಳನ್ನು ಹಳ್ಳಿಗಾಡಿಗೆ ಸಾಗಿಸುವ ಕಾರ್ಯ ಆರಂಭವಾಯಿತು. ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಮಂದಿ ನಗರಗಳನ್ನು ಬಿಟ್ಟರು. ಅವರಲ್ಲಿ 8 ಲಕ್ಷಕ್ಕೂ ಮಿಕ್ಕವರು ತಾಯಿತಂದೆಗಳನ್ನು ಅಗಲಿ ಉಪಾಧ್ಯಾಯರೊಡನೆ ಹೊರಟ ಶಾಲಾ ಮಕ್ಕಳು. ಅಂಗಿಗೆ ಹೆಸರು ಬರೆದ ಚೀಟಿ. ಹೆಗಲಿನಲ್ಲಿ ವಿಷಾನಿಲದಿಂದ ಕಾಪಾಡುವ ಮುಖವಾಡದ ಪೆಟ್ಟಿಗೆ. ಊರು ಸೇರಿದ ಮೇಲೆ ಅಲ್ಲಿನ ಗೃಹಸ್ಥರು ತಮಗೆ ಒಪ್ಪಿಗೆಯಾದ ಮಕ್ಕಳನ್ನು ಆರಿಸಿಕೊಂಡು ಕರೆದೊಯ್ದದ್ದೂ ಉಂಟು. ಅಣ್ಣ ಒಂದು ಮನೆಗೆ, ತಂಗಿ ಇನ್ನೊಂದು ಮನೆಗೆ!

ಸರ್ಕಾರದ ಉದ್ದೇಶ ಒಳ್ಳೆಯದೇ. ಮಕ್ಕಳ ಪ್ರಾಣ ಉಳಿಯಬೇಕೆಂಬುದನ್ನು ಯಾರು ತಾನೆ ಅಲ್ಲಗಳೆದಾರು? ಆದರೆ ನಿರೀಕ್ಷಿಸಿದ ವಿಮಾನದಾಳಿ ಕೂಡಲೇ ಬರಲಿಲ್ಲ. 1940ರ ಜನವರಿಯ ಹೊತ್ತಿಗೆ ಹೋದವರಲ್ಲಿ ಅರ್ಧದಷ್ಟು ಜನ ಹಿಂದಿರುಗಿಬಿಟ್ಟಿದ್ದರು.

ಇಷ್ಟರಲ್ಲಿಯೇ, 1939ರ ಡಿಸೆಂಬರಿನಲ್ಲಿ, ಜಾನ್ ಬೌಲ್ಬಿ, ಇಮ್ಯಾನುಯೆಲ್ ಮಿಲ್ಲರ್, ಡೊನಾಲ್ಡ್ ವಿನಿಕಾಟ್ ಎಂಬ ಮೂವರು ವೈದ್ಯರು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಗೆ ಒಂದು ಕಾಗದ ಬರೆದಿದ್ದರು. ಐದು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಬಹುಕಾಲ ಅಗಲಿಸುವುದರಿಂದ ಅವರ ಮನಸ್ಸಿಗೆ ತೀವ್ರವಾದ ಹಾನಿಯಾದೀತೆಂದು ಅವರ ಎಚ್ಚರಿಕೆ. ಕೇಂಬ್ರಿಜ್ಜಿನಲ್ಲಿ ಸೂಸನ್ ಐಸಾಕ್ಸ್ ಎಂಬ ಶಿಕ್ಷಣ ತಜ್ಞೆ ಮತ್ತು ಅವರ ಸಂಗಡಿಗರು ಲಂಡನ್ನಿನಿಂದ ಬಂದ ಶಾಲಾ ಮಕ್ಕಳನ್ನು ನೇರವಾಗಿ ಕೇಳಿಯೇಬಿಟ್ಟರು: ನಿಮಗೆ ಇಲ್ಲಿ ಏನು ಇಷ್ಟ? ಇಲ್ಲಿ ಇಲ್ಲದ್ದು ಏನು ಬೇಕೆನಿಸುತ್ತದೆ? ಮಕ್ಕಳ ಉತ್ತರಗಳಲ್ಲಿ ಮನೆಯವರ ನೆನಪು ಎದ್ದು ಕಂಡಿತು. ಒಡಹುಟ್ಟಿದವರನ್ನು ಬೇರ್ಪಡಿಸಬಾರದು, ಮನೆಯ ನಂಟು ಕಡಿಯಬಾರದು ಎಂಬುದು 1941ರಲ್ಲಿ ಪ್ರಕಟವಾದ ಆ ವರದಿಯ ಸಾರ.

1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ನಿಜವಾದ ದಾಳಿ ಮೊದಲಾಯಿತು. ಅಕ್ಟೋಬರ್ 13ರಂದು ಹದಿನಾಲ್ಕರ ಹರೆಯದ ರಾಜಕುಮಾರಿ ಎಲಿಜಬೆತ್ ಬಿ.ಬಿ.ಸಿ.ಯ ಮಕ್ಕಳ ಕಾರ್ಯಕ್ರಮದಲ್ಲಿ ಮಾತನಾಡಿ, ಮನೆಯಿಂದ ದೂರವಾದ ಮಕ್ಕಳಿಗೆ ಸಮಾಧಾನ ಹೇಳಿದರು. ರೇಡಿಯೋ ಎಷ್ಟೇ ಮಧುರವಾಗಿ ಮಾತನಾಡಲಿ, ಅದು ತಲೆ ನೇವರಿಸಲಾರದಷ್ಟೆ!

ತಲೆ ನೇವರಿಸುವ ಕೆಲಸವನ್ನು ಕೈಗೊಂಡವರು ಆನಾ ಫ್ರಾಯ್ಡ್. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡರ ಮಗಳಾದ ಈಕೆ 1938ರಲ್ಲಿ ವಿಯೆನ್ನಾದಿಂದ ನಿರಾಶ್ರಿತರಾಗಿ ಬಂದವರು. ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಂ ಜೊತೆಗೂಡಿ, ಅಮೆರಿಕದ ದಾನಿಗಳ ನೆರವಿನಿಂದ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೆಗಳನ್ನು ತೆರೆದರು. ಎಸೆಕ್ಸ್ ಪ್ರಾಂತದಲ್ಲಿಯೂ ಒಂದನ್ನು ಏರ್ಪಡಿಸಿದರು. ತಂದೆ ಯುದ್ಧಕ್ಕೆ ಹೋದವರು, ತಾಯಿ ಕಾರ್ಖಾನೆಗೆ ದುಡಿಯಲು ಹೊರಟವರು, ಮನೆ ಬಾಂಬಿಗೆ ಆಹುತಿಯಾದವರು, ಇಂಥವರ ಮಕ್ಕಳಿಗೆ ಅಲ್ಲಿ ಆಶ್ರಯ. ಆ ಮಕ್ಕಳ ದಿನಚರಿಯನ್ನು ಅಲ್ಲಿಯ ಕೆಲಸಗಾರರು ಬಿಡದೆ ಬರೆದಿಟ್ಟರು.

ಆ ಬರಹಗಳಿಂದ ತಿಳಿದುಬಂದುದೇನು? ತಾಯಿಯ ಮಗ್ಗುಲಲ್ಲಿರುವ ಕೂಸು ಸಿಡಿಮದ್ದಿನ ಸದ್ದಿಗೆ ಅಷ್ಟಾಗಿ ಹೆದರುವುದಿಲ್ಲ. ತಾಯಿ ನಡುಗಿದರೆ ಅದೂ ನಡುಗುತ್ತದೆ. ಬಾಂಬಿಗಿಂತ ಅಗಲಿಕೆಯೇ ಹಲವು ಮಕ್ಕಳಿಗೆ ಹೆಚ್ಚಿನ ನೋವು. ಆದುದರಿಂದ ಆ ಮನೆಗಳಲ್ಲಿ ತಾಯಂದಿರು ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆದಿರುತ್ತಿತ್ತು.

ಕಲಿಕೆಯ ವಿಷಯದಲ್ಲಿ ಕಂಡದ್ದು ಇನ್ನೂ ಸ್ವಾರಸ್ಯವಾದದ್ದು. ಊಟ, ನಿದ್ರೆ, ಶುಚಿ ಎಲ್ಲವೂ ಸರಿಯಾಗಿದ್ದರೂ ಮಕ್ಕಳು ಮಾತು ಕಲಿಯುವುದರಲ್ಲಿ ಹಿಂದೆ ಬಿದ್ದರು. ಹತ್ತಾರು ದಾದಿಯರು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದಾಗ ಯಾರೊಬ್ಬರೂ ಮಗುವಿನ 'ಸ್ವಂತದವರು' ಆಗಿರಲಿಲ್ಲ. ಆಗ ಮಕ್ಕಳನ್ನು ನಾಲ್ಕೈದು ಜನರ ಪುಟ್ಟ ಸಂಸಾರಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬೊಬ್ಬ ಯುವತಿಯನ್ನು 'ತಾಯಿ'ಯನ್ನಾಗಿ ಗೊತ್ತುಮಾಡಿದರು. ಮೊದಮೊದಲು ಅಳು, ಹಠ, ಹೊಟ್ಟೆಕಿಚ್ಚು ಹೆಚ್ಚಾಯಿತು. ಪ್ರೀತಿಸುವವರು ಸಿಕ್ಕಮೇಲೆ ಅವರನ್ನು ಕಳೆದುಕೊಳ್ಳುವ ಭಯವೂ ಸಹಜವಲ್ಲವೆ? ಕೆಲಕಾಲದ ಮೇಲೆ ಅದೇ ಮಕ್ಕಳು ಮಾತಿನಲ್ಲಿಯೂ ನಡೆನುಡಿಯಲ್ಲಿಯೂ ಬೇಗಬೇಗನೆ ಮುಂದುವರಿದರು. ಯಾರಿಗಾಗಿ ಮಾತನಾಡಬೇಕೋ ಅವರು ಇದ್ದಾಗ ಮಾತು ಬಂದಿತು.

ಈ ಮನೆಗಳು 1945ರಲ್ಲಿ ಮುಚ್ಚಿದವು. ಪಾಠ ಮಾತ್ರ ಮುಚ್ಚಲಿಲ್ಲ. ಅಲ್ಲಿ ನೀರು ಕಾಯಿಸುವ ಒಲೆಯ ಕೆಲಸಕ್ಕೆ ಸೇರಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬಾತ ಮಕ್ಕಳನ್ನು ನೋಡಿ ನೋಡಿ ಕಲಿತವನು. ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಸಂಕಟವನ್ನು ಆತ 1952ರಲ್ಲಿ ಚಲನಚಿತ್ರದಲ್ಲಿ ತೋರಿಸಿದ. ಹಲವು ವೈದ್ಯರು ಮೊದಲು ಕೆರಳಿದರು. ಆದರೂ 1959ರಲ್ಲಿ ಬ್ರಿಟಿಷ್ ಸರ್ಕಾರದ ಪ್ಲಾಟ್ ಸಮಿತಿ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಾಯಿತಂದೆಗಳು ಯಾವಾಗ ಬೇಕಾದರೂ ಬಂದು ನೋಡಲು ಅವಕಾಶವಿರಬೇಕೆಂದು ಶಿಫಾರಸು ಮಾಡಿತು.

ಕಷ್ಟದ ದಿನಗಳು ಯಾವ ಕಾಲಕ್ಕೂ ತಪ್ಪಿದ್ದಲ್ಲ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ತಪ್ಪಿಹೋದ ಪಾಠಗಳ ಚಿಂತೆ ನಿಮ್ಮ ಮನೆಯನ್ನೂ ಹೊಕ್ಕಿದ್ದೀತು. ಆ ಚಿಂತೆ ತಪ್ಪಲ್ಲ. ಆದರೆ ಪುಸ್ತಕ ತೆರೆಯುವ ಮುನ್ನ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅದರ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡಿ. ದಿನದಿನವೂ ಅದೇ ಮುಖ, ಅದೇ ದನಿ, ಅದೇ ಮಡಿಲು ದೊರೆಯುವ ಮಗು ತಡವಾಗಿಯಾದರೂ ಪಾಠ ಕಲಿತೀತು.