ಬಾಲವಿಲ್ಲದ ವಿಮಾನ, ಹೈಸ್ಕೂಲು ಓದಿದ ಎಂಜಿನಿಯರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ, ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯಲ್ಲಿ ನಾನು ಹಾರಿಸಿದ ಕಾಗದದ ವಿಮಾನ. ಅದು ನೇರವಾಗಿ ಹೋಗಿ ಅವರ ಹೆಗಲಿಗೇ ಬಡಿದಿತ್ತು. ಕಿವಿ ಹಿಂಡಿದ ಮೇಲೆ ಅವರು, "ಇದಕ್ಕೆ ಬಾಲವೇ ಇಲ್ಲವಲ್ಲೋ, ಹೇಗೆ ಹಾರಿತು?" ಎಂದು ಕೇಳಿದರು. ಉತ್ತರ ಗೊತ್ತಿರಲಿಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ನಂತರ, ಬಾಲವಿಲ್ಲದ ವಿಮಾನಕ್ಕಾಗಿಯೇ ಬಾಳು ಸವೆಸಿದ ಒಬ್ಬರ ಚರಿತ್ರೆ ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅವರ ಹೆಸರು ಜಾಕ್ ನಾರ್ತ್ರಪ್. 1895ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. 1913ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹೈಸ್ಕೂಲಿನಲ್ಲಿ ಓದು ಮುಗಿಸಿದರು. ಅಲ್ಲಿಗೆ ಅವರ ಶಾಲಾ ಶಿಕ್ಷಣ ಮುಗಿಯಿತು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ, ಕಟ್ಟಡಗಳ ನಕ್ಷೆ ಬರೆಯುವವರಾಗಿ ದುಡಿದರು. 1916ರಲ್ಲಿ ಅದೇ ಊರಿನಲ್ಲಿ ವಿಮಾನ ಕಟ್ಟುತ್ತಿದ್ದ ಲಾಕ್‌ಹೀಡ್ ಸಹೋದರರ ಬಳಿ ಕೆಲಸಕ್ಕೆ ಸೇರಿದರು. 1927ರಲ್ಲಿ ಹಾರಿದ ಲಾಕ್‌ಹೀಡ್ ವೇಗಾ ವಿಮಾನದ ವಿನ್ಯಾಸ ಅವರದು. 1932ರಲ್ಲಿ ಅಮೇಲಿಯಾ ಇಯರ್‌ಹಾರ್ಟ್ ಒಬ್ಬರೇ ಅಟ್ಲಾಂಟಿಕ್ ದಾಟಿದ್ದು ವೇಗಾದಲ್ಲಿಯೇ.

ಆದರೆ ಅವರ ಮನಸ್ಸು ಬೇರೆಡೆ ಇತ್ತು. ವಿಮಾನವನ್ನು ಮೇಲಕ್ಕೆತ್ತುವುದು ರೆಕ್ಕೆ. ಉದ್ದನೆಯ ಒಡಲು, ಬಾಲ ಇವೆಲ್ಲ ಗಾಳಿಗೆ ಅಡ್ಡ ನಿಂತು ಇಂಧನ ತಿನ್ನುತ್ತವೆ. ಹಾಗಾದರೆ ಇಡೀ ವಿಮಾನವನ್ನೇ ಒಂದು ರೆಕ್ಕೆಯಾಗಿ ಏಕೆ ಮಾಡಬಾರದು? 1939ರಲ್ಲಿ ಸ್ವಂತ ಕಂಪನಿ ಕಟ್ಟಿ, ಮರುವರ್ಷವೇ ಎನ್-1ಎಂ ಎಂಬ ಸಣ್ಣ 'ಹಾರುವ ರೆಕ್ಕೆ'ಯನ್ನು ಹಾರಿಸಿದರು. 1946ರ ಜೂನ್ 25ರಂದು 172 ಅಡಿ ಅಗಲದ ಎಕ್ಸ್‌ಬಿ-35 ಬಾಂಬರ್ ಮೇಲೇರಿತು. 1947ರಲ್ಲಿ ಅದರ ಜೆಟ್ ರೂಪವಾದ ವೈಬಿ-49 ಎಂಟು ಎಂಜಿನ್‌ಗಳೊಂದಿಗೆ ಹಾರಿತು. ಅದು ನಾರ್ತ್ರಪ್ ಅವರ ಬಾಳಿನ ಎತ್ತರದ ದಿನ.

ಅಲ್ಲಿಂದ ಇಳಿಜಾರು. 1948ರ ಜೂನ್ 5ರಂದು ಒಂದು ವೈಬಿ-49 ಪತನವಾಗಿ ಕ್ಯಾಪ್ಟನ್ ಗ್ಲೆನ್ ಎಡ್ವರ್ಡ್ಸ್ ಸೇರಿ ಐವರೂ ತೀರಿಕೊಂಡರು. ಇಂದಿನ ಎಡ್ವರ್ಡ್ಸ್ ವಾಯುನೆಲೆಗೆ ಆ ಪೈಲಟ್ ಹೆಸರೇ ಇಟ್ಟಿದ್ದಾರೆ. ಬಾಲವಿಲ್ಲದ ವಿಮಾನ ಎಡಬಲಕ್ಕೆ ತೊನೆಯುತ್ತಿದ್ದರಿಂದ ಗುರಿಯಿಟ್ಟು ಬಾಂಬ್ ಹಾಕುವುದೂ ಕಷ್ಟವಾಗಿತ್ತು. 1949ರಲ್ಲಿ ವಾಯುಸೇನೆಯ ಆರ್ಡರ್ ರದ್ದಾಯಿತು. ಕಟ್ಟುತ್ತಿದ್ದ ದೊಡ್ಡ ರೆಕ್ಕೆಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು. 1952ರಲ್ಲಿ, 57ನೇ ವಯಸ್ಸಿನಲ್ಲಿ, ನಾರ್ತ್ರಪ್ ತಾವೇ ಕಟ್ಟಿದ ಕಂಪನಿಯಿಂದ ಹೊರಬಂದರು. ಬೇರೊಂದು ಕಂಪನಿಯೊಂದಿಗೆ ವಿಲೀನವಾಗಲು ಒಪ್ಪದ್ದಕ್ಕೇ ತಮ್ಮ ವಿಮಾನವನ್ನು ಕೊಂದರು ಎಂದು ಮುಪ್ಪಿನಲ್ಲಿ ಸಂದರ್ಶನವೊಂದರಲ್ಲಿ ಹೇಳಿದರು. ಅಂದು ವಾಯುಸೇನಾ ಕಾರ್ಯದರ್ಶಿಯಾಗಿದ್ದ ಸೈಮಿಂಗ್ಟನ್ ಅದನ್ನು ಅಲ್ಲಗಳೆದರು. 1949ರ ವಿಚಾರಣೆಯಲ್ಲಿ ಸ್ವತಃ ನಾರ್ತ್ರಪ್ ಅವರೇ ಯಾವ ಒತ್ತಡವೂ ಇರಲಿಲ್ಲ ಎಂದು ಹೇಳಿದ್ದರು. ಯಾರ ಮಾತು ಹೇಗೇ ಇರಲಿ, ತೊನೆದಾಟದ ತೊಂದರೆ ಮಾತ್ರ ನಿಜವಾಗಿಯೂ ಇತ್ತು.

ಆ ತೊಂದರೆಗೆ ಮದ್ದು ಕಂಪ್ಯೂಟರ್. ವಿಮಾನ ಕೊಂಚ ವಾಲಿದರೂ ಸಂವೇದಕಗಳು ತಿಳಿಸುತ್ತವೆ. ಪೈಲಟ್‌ಗೆ ಗೊತ್ತಾಗುವ ಮೊದಲೇ ಕಂಪ್ಯೂಟರ್ ರೆಕ್ಕೆಯ ಅಂಚಿನ ಫಲಕಗಳನ್ನು ಸರಿಸಿ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಅವರ ಲೆಕ್ಕ ತಪ್ಪಿರಲಿಲ್ಲ, ಅದಕ್ಕೆ ಬೇಕಾದ ಸಾಧನ ಇನ್ನೂ ಹುಟ್ಟಿರಲಿಲ್ಲ.

1980ರಲ್ಲಿ, ಕಾಯಿಲೆಯಿಂದ ಮಾತೂ ಕಷ್ಟವಾಗಿದ್ದ ನಾರ್ತ್ರಪ್ ಅವರನ್ನು ಅದೇ ಕಂಪನಿ ಕರೆಸಿಕೊಂಡಿತು. ವಿಶೇಷ ಅನುಮತಿ ಪಡೆದು, ಆಗ ಗುಟ್ಟಾಗಿದ್ದ ಹೊಸ ವಿಮಾನದ ಮಾದರಿಯನ್ನು ಅವರ ಕೈಗಿಟ್ಟರು. ಅದೂ ಹಾರುವ ರೆಕ್ಕೆಯೇ. 1981ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಬಿ-2 ವಿಮಾನ ಹಾರಿದ್ದು 1989ರಲ್ಲಿ. ಅದರ ಅಗಲವೂ 172 ಅಡಿ!

ಈ ಚರಿತ್ರೆಯನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ನನ್ನ ಬೆಂಚಿನ ಗೆಳೆಯ ಎಸ್‌ಎಸ್‌ಎಲ್‌ಸಿಗೇ ಓದು ನಿಲ್ಲಿಸಿ ಈಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಅಂದು ಆ ಕಾಗದದ ವಿಮಾನ ಮಡಚಿಕೊಟ್ಟವನೂ ಅವನೇ. ಪೆಟ್ಟು ಮಾತ್ರ ನನಗೆ. ಸಮಾರಂಭಕ್ಕೆ ಬಾ ಎಂದು ಕರೆದರೆ, "ನಾವೆಲ್ಲ ಎಸ್‌ಎಸ್‌ಎಲ್‌ಸಿ ಗಿರಾಕಿಗಳು ಕಣೋ, ಓದಿದೋರ ಮಧ್ಯೆ ಬಂದು ಏನ್ ಮಾಡೋದು?" ಎಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನಿಗೆ ಈ ಬರಹವೇ ನನ್ನ ಉತ್ತರ. ಹೈಸ್ಕೂಲು ಮುಗಿಸಿ ಗ್ಯಾರೇಜಿಗೆ ಹೋದ ಹುಡುಗನೊಬ್ಬನ ಲೆಕ್ಕವನ್ನು ಜಗತ್ತು ನಲವತ್ತು ವರ್ಷದ ನಂತರ ಒಪ್ಪಿಕೊಂಡಿತು. ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲರದೂ ಈ ಹಬ್ಬ. ದಯವಿಟ್ಟು ಎಲ್ಲರೂ ಬನ್ನಿ. ಬಾಲದ ಪ್ರಶ್ನೆ ಕೇಳಿದ ನಮ್ಮ ಮೇಷ್ಟ್ರಿಗೆ ನಾವಿಬ್ಬರೂ ಒಟ್ಟಿಗೆ ನಮಸ್ಕಾರ ಮಾಡಬೇಕಾಗಿದೆ.