ಒಂದು ಕ್ಷೇತ್ರ, ಎರಡು ರಾಜ್ಯ: ೧೯೫೭ರ ಧಾರವಾಡ ದಕ್ಷಿಣ ಚುನಾವಣೆ

೧೯೫೭ರ ಮಹಾಚುನಾವಣೆಯಲ್ಲಿ ಧಾರವಾಡ ದಕ್ಷಿಣ ಕ್ಷೇತ್ರದಿಂದ ಕಾಂಗ್ರೆಸ್ಸಿನ ಟಿ. ಆರ್. ನೇಸ್ವಿಯವರು ಲೋಕಸಭೆಗೆ ಪುನಃ ಆಯ್ಕೆಯಾದರು. ೧೯೫೨ರಲ್ಲಿ ಗೆದ್ದವರೂ ಅವರೇ. ಹಾಲಿ ಸದಸ್ಯರೊಬ್ಬರು ಸ್ಥಾನ ಉಳಿಸಿಕೊಂಡುದು ಮೇಲ್ನೋಟಕ್ಕೆ ವಿಶೇಷವೆನಿಸದು. ಆದರೆ ಅವರು ಮೊದಲ ಸಲ ಆರಿಸಿಬಂದುದು ಮುಂಬಯಿ ರಾಜ್ಯದಿಂದ, ಎರಡನೆಯ ಸಲ ಮೈಸೂರು ರಾಜ್ಯದಿಂದ. ಈ ವಿಜಯವನ್ನು ಏಕೀಕರಣಕ್ಕೆ ಜನರಿತ್ತ ಸಮ್ಮತಿಯೆಂದು ಎಣಿಸಬಹುದೇ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಹಾವೇರಿ, ಬ್ಯಾಡಗಿ ಸೀಮೆಯ ಮತದಾರರು ೧೯೫೨ರಲ್ಲಿ ಪ್ರತಿನಿಧಿಗಳನ್ನು ಕಳುಹಿಸಿದುದು ೩೧೫ ಸ್ಥಾನಗಳ ಮುಂಬಯಿ ವಿಧಾನಸಭೆಗೆ. ಅಲ್ಲಿ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಸದಸ್ಯರು ಮರಾಠಿ, ಗುಜರಾತಿ ಸದಸ್ಯರ ನಡುವೆ ಅಲ್ಪಸಂಖ್ಯಾತರು. ಐದು ವರ್ಷಗಳ ತರುವಾಯ ಅದೇ ಮತದಾರರು ೨೦೮ ಸ್ಥಾನಗಳ ಮೈಸೂರು ವಿಧಾನಸಭೆಗೆ ಮತವಿತ್ತರು.

ಈ ಸೀಮೆಯಲ್ಲಿ ಕಾಂಗ್ರೆಸ್ಸಿನ ಬೇರು ಆಳವಾದುದು. ಬ್ಯಾಡಗಿಯ ಸಮೀಪದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದವರು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಅದೇ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರು ಸ್ವಾತಂತ್ರ್ಯ ಹೋರಾಟದಲ್ಲಿಯೂ ಏಕೀಕರಣದಲ್ಲಿಯೂ ದುಡಿದವರು. ೧೯೨೦ರ ನಾಗಪುರ ಅಧಿವೇಶನದ ಬಳಿಕ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷಾನುಸಾರವಾಗಿ ರಚಿಸಿದ್ದಿತು. ಹೀಗಾಗಿ ಅಖಂಡ ಕರ್ನಾಟಕವು ಆಡಳಿತದಲ್ಲಿ ಮೂಡುವ ಮೊದಲೇ ಪಕ್ಷದ ಕಾರ್ಯದಲ್ಲಿ ಮೂಡಿದ್ದಿತು.

ಆದರೆ ವಿಳಂಬಕ್ಕೆ ಕಾರಣವಾದುದೂ ಅದೇ ಪಕ್ಷ. ನೆಹರು, ಪಟೇಲ್, ಪಟ್ಟಾಭಿಯವರ ಸಮಿತಿಯು ೧೯೪೯ರಲ್ಲಿ ಭಾಷಾವಾರು ಪ್ರಾಂತರಚನೆಯನ್ನು ಮುಂದೂಡಲು ಸಲಹೆಯಿತ್ತಿತು. ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡಾಗ ಹುಬ್ಬಳ್ಳಿಯಲ್ಲಿ ಜನರ ಅಸಮಾಧಾನ ಸ್ಫೋಟಗೊಂಡಿತು. ಅದೇ ವರ್ಷಾಂತ್ಯದಲ್ಲಿ ಫಜಲ್ ಅಲಿ ಆಯೋಗದ ನೇಮಕ, ೧೯೫೫ರಲ್ಲಿ ಅದರ ವರದಿ, ೧೯೫೬ರ ನವೆಂಬರ್ ೧ರಂದು ರಾಜ್ಯೋದಯ. ಮತದಾರನ ಮುಂದೆ ಬಂದು ನಿಂತ ಪಕ್ಷವು ತಡಮಾಡಿದುದೂ ಹೌದು, ನೆರವೇರಿಸಿದುದೂ ಹೌದು.

ರಾಜ್ಯೋದಯಕ್ಕೂ ಮತದಾನಕ್ಕೂ ನಡುವೆ ಇದ್ದುದು ಸುಮಾರು ನಾಲ್ಕು ತಿಂಗಳ ಅವಧಿ. ಎಸ್. ನಿಜಲಿಂಗಪ್ಪನವರ ಹೊಸ ಸರಕಾರದ ಯೋಗ್ಯತೆಯನ್ನು ಅಳೆಯಲು ಅದು ಸಾಲದು. ಕಾಂಗ್ರೆಸ್ ಆಗ ರಾಜ್ಯದ ವಿಧಾನಸಭೆಯಲ್ಲಿ ೧೫೦ ಸ್ಥಾನಗಳನ್ನು ಪಡೆಯಿತು. ಏಕೀಕರಣದ ಬಗೆಗೆ ಹಿಂಜರಿಕೆಯಿದ್ದ ಹಳೆಯ ಮೈಸೂರಿನಲ್ಲಿಯೂ, ಅದಕ್ಕಾಗಿ ಹಂಬಲಿಸಿದ ಧಾರವಾಡದಲ್ಲಿಯೂ ಒಂದೇ ಪಕ್ಷ ಮುಂದಾಯಿತೆಂದ ಮೇಲೆ, ಆ ಮತವನ್ನು ಏಕೀಕರಣವೊಂದರ ಮೇಲಣ ತೀರ್ಪೆನ್ನುವುದು ಕಠಿನ.

ವ್ಯಕ್ತಿಗತ ವರ್ಚಸ್ಸಿನ ವಿವರಣೆಯೂ ಸಾಲದು. ಧಾರವಾಡ ಉತ್ತರದಲ್ಲಿ ಡಿ. ಪಿ. ಕರಮರಕರ ಅವರೂ ೧೯೫೨, ೧೯೫೭ ಎರಡರಲ್ಲಿಯೂ ಗೆದ್ದರು. ೧೯೬೨ರಲ್ಲಿ ಉತ್ತರದಿಂದ ಸರೋಜಿನಿ ಮಹಿಷಿ, ದಕ್ಷಿಣದಿಂದ ಎಫ್. ಎಚ್. ಮೊಹಸಿನ್ ಆರಿಸಿಬಂದರು. ವ್ಯಕ್ತಿಗಳು ಬದಲಾದರೂ ಎರಡೂ ಕ್ಷೇತ್ರಗಳು ಕಾಂಗ್ರೆಸ್ಸಿನಲ್ಲಿಯೇ ಉಳಿದುವು. ೧೯೫೭ರವರೆಗೆ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಪೆಟ್ಟಿಗೆಯಿರುತ್ತಿದ್ದಿತು. ಅನಕ್ಷರಸ್ಥ ರೈತನು ಗುರುತಿಸಿದುದು ಜೋಡೆತ್ತುಗಳನ್ನು.

ಆದುದರಿಂದ ಈ ಪುನರಾಯ್ಕೆಯಲ್ಲಿ ಕಾಣುವುದು ಹೋರಾಟದ ಕಾಲದಿಂದ ಬಂದ ಪಕ್ಷನಿಷ್ಠೆಯ ಮುಂದುವರಿಕೆ. ರಾಜ್ಯದ ಗಡಿ ಬದಲಾದರೂ ಆ ನಿಷ್ಠೆ ಕದಲಲಿಲ್ಲ. ೧೯೯೭ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ೨೦೦೯ರ ಚುನಾವಣೆಯ ವೇಳೆಗೆ ಧಾರವಾಡ ದಕ್ಷಿಣವೆಂಬ ಹೆಸರೂ ಅಳಿದು ಹಾವೇರಿ ಕ್ಷೇತ್ರವೆಂದಾಯಿತು. ಏಕೀಕರಣಕ್ಕೆ ಜನರಿತ್ತ ಸಮ್ಮತಿಯನ್ನು ಅರಸುವವರು ೧೯೫೭ರ ಮತಪೆಟ್ಟಿಗೆಗಿಂತ ಮೊದಲು ೧೯೫೩ರ ಹುಬ್ಬಳ್ಳಿಯ ಬೀದಿಗಳನ್ನು ನೋಡಬೇಕು.