ಲೇಸರ್ ಕಿರಣದ ಡೊಂಕು ತಿದ್ದುವ ಕನ್ನಡಿ

ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ದೂರ ನೋಡಿದರೆ ಗಿಡಮರಗಳು ನೀರಿನಲ್ಲಿ ಅಲುಗಾಡಿದಂತೆ ಕಾಣುತ್ತವೆ. ಬಿಸಿಗಾಳಿ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುವುದೇ ಇದಕ್ಕೆ ಕಾರಣ. ಭಾರಿ ಶಕ್ತಿಯ ಲೇಸರ್ ಯಂತ್ರಗಳನ್ನೂ ಇಂಥದೇ ತೊಂದರೆ ಕಾಡುತ್ತದೆ. ಅದನ್ನು ಸರಿಪಡಿಸುವ ವಿದ್ಯೆಗೆ 'ಅಡಾಪ್ಟಿವ್ ಆಪ್ಟಿಕ್ಸ್' ಎಂದು ಹೆಸರು.

ಮೂಲ

ಇದು ಹುಟ್ಟಿದ್ದು ನಕ್ಷತ್ರ ನೋಡುವವರಿಂದ. ವಾತಾವರಣದಿಂದ ಮಸುಕಾಗುವ ನಕ್ಷತ್ರದ ಬಿಂಬವನ್ನು ಆಗಿಂದಾಗ್ಗೆ ತಿದ್ದಬಹುದು ಎಂಬ ಯೋಚನೆಯನ್ನು ಅಮೆರಿಕದ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಮುಂದಿಟ್ಟರು. ತಕ್ಕ ಉಪಕರಣ, ಕಂಪ್ಯೂಟರ್‌ಗಳು ಬಂದ ಮೇಲಷ್ಟೇ ಅದು ಕೈಗೂಡಿತು.

ತೊಂದರೆ ಏನು?

ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 2009ರಲ್ಲಿ ಪೂರ್ಣಗೊಂಡ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳಿವೆ. ಸುಮಾರು 1 ಸೆಂಟಿಮೀಟರ್ ಉದ್ದದ ಪುಟ್ಟ ಡಬ್ಬಿಯ ಎರಡು ತುದಿಯ ಕಿಂಡಿಗಳಲ್ಲಿ ಅಷ್ಟೂ ಕಿರಣಗಳು ಒಟ್ಟಿಗೆ ನುಗ್ಗಬೇಕು. ಒಳಗೆ ಜಲಜನಕದ ಭಾರ ರೂಪಗಳನ್ನು ತುಂಬಿದ ಮೆಣಸಿನಕಾಳಿಗಿಂತ ಚಿಕ್ಕ ಗುಂಡು ಇರುತ್ತದೆ.

ಕಿರಣಕ್ಕೆ ಬಲ ತುಂಬುವುದು ನಿಯೋಡಿಮಿಯಂ ಬೆರೆಸಿದ ಗಾಜಿನ ಹಲಗೆಗಳು. ಭಾರಿ ಫ್ಲ್ಯಾಷ್ ದೀಪಗಳ ಬೆಳಕು ಬಿದ್ದಾಗ ಗಾಜು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಕಾಯ್ದು ಬಾಗುತ್ತದೆ. ಅದರ ಮೂಲಕ ಹಾಯುವ ಕಿರಣವೂ ಡೊಂಕಾಗುತ್ತದೆ. ಆಗ ಕಿರಣ ಸಣ್ಣ ಚುಕ್ಕೆಯಾಗಿ ಕೂಡದೆ ಹರಡಿಕೊಳ್ಳುತ್ತದೆ.

ಪರಿಹಾರ

ಪುಟ್ಟ ಮಸೂರಗಳ ಸಾಲಿರುವ ಸಂವೇದಕವೊಂದು ಕಿರಣದ ಯಾವ ಭಾಗ ಮುಂದಿದೆ, ಯಾವುದು ಹಿಂದಿದೆ ಎಂದು ಅಳೆಯುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ ಬಾಗಬಲ್ಲ ಕನ್ನಡಿಗೆ ಆಜ್ಞೆ ಕೊಡುತ್ತದೆ. ಪ್ರತಿ ಕಿರಣಕ್ಕೂ ಇಂಥ ಒಂದು ಕನ್ನಡಿ. ಅದರ ಬೆನ್ನಿಗೆ ತಳ್ಳುವ, ಎಳೆಯುವ 39 ಸಾಧನಗಳು. ಮುಂದೆ ಹೋದ ಭಾಗಕ್ಕೆ ಕನ್ನಡಿ ಹಿಂದೆ ಸರಿಯುತ್ತದೆ. ಬೆಳಕು ಹೋಗಿ ಬರುವುದರಿಂದ ವ್ಯತ್ಯಾಸದ ಅರ್ಧದಷ್ಟು ಸರಿದರೆ ಸಾಕು.

ಆದರೆ ಲೇಸರ್ ಹೊಡೆತ ಮುಗಿಯುವುದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದೊಳಗೆ. ಆ ಹೊತ್ತಿನಲ್ಲಿ ತಿದ್ದಲು ಸಮಯವಿಲ್ಲ. ಆದ್ದರಿಂದ ದೀಪ ಬೆಳಗಿದಾಗ ಆಗಲಿರುವ ಡೊಂಕನ್ನು ಹಿಂದಿನ ಹೊಡೆತಗಳಿಂದ ತಿಳಿದುಕೊಂಡು, ಅದಕ್ಕೆ ವಿರುದ್ಧವಾದ ಡೊಂಕನ್ನು ಕನ್ನಡಿಗೆ ಮೊದಲೇ ಕೊಟ್ಟಿರುತ್ತಾರೆ. ಎರಡೂ ಸೇರಿದಾಗ ಕಿರಣ ನೆಟ್ಟಗಾಗುತ್ತದೆ. ಹೊಡೆತದ ನಂತರ ಗಾಜು ತಣಿಯಲು ಗಂಟೆಗಟ್ಟಲೆ ಕಾಯಬೇಕು.

ಫಲ ಮತ್ತು ಮಿತಿ

2022ರ ಡಿಸೆಂಬರ್ 5ರಂದು ಇಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ಕೊಟ್ಟಾಗ ಪರಮಾಣು ಸಮ್ಮಿಲನದಿಂದ 3.15 ಮೆಗಾಜೂಲ್ ಹೊರಬಂತು. ಕೊಟ್ಟದ್ದಕ್ಕಿಂತ ಹೆಚ್ಚು ಪಡೆದದ್ದು ಅದೇ ಮೊದಲು. ಆದರೆ ಲೇಸರ್ ನಡೆಸಲು ಬಳಸಿದ ವಿದ್ಯುತ್ ಸುಮಾರು 300 ಮೆಗಾಜೂಲ್. ಹಾಗಾಗಿ ಮನೆಗೆ ಕರೆಂಟ್ ಬರುವ ದಿನ ಇನ್ನೂ ದೂರ.

ಕನ್ನಡಿಗೂ ಮಿತಿಯಿದೆ. ಅಗಲವಾದ ಬಾಗುಗಳನ್ನು ಅದು ತಿದ್ದಬಲ್ಲದು. ಗಾಜಿನ ಗೀರು, ಸಣ್ಣ ಅಲೆಗಳನ್ನಲ್ಲ. ಅದಕ್ಕೆ ನುಣುಪಾದ ಗಾಜೇ ಬೇಕು. ಇದೇ ವಿದ್ಯೆ ಇಂದು ದೊಡ್ಡ ದೂರದರ್ಶಕಗಳಲ್ಲಿ, ಕಣ್ಣಿನ ಅಕ್ಷಿಪಟಲದ ಒಂದೊಂದು ಕೋಶವನ್ನು ನೋಡುವ ಉಪಕರಣಗಳಲ್ಲಿಯೂ ಬಳಕೆಯಲ್ಲಿದೆ.